ಹೋಪುದು, ಬಪ್ಪುದು ಮತ್ತು ಕೆಂಪು ಶಾಯಿ: ಕುಂದಾಪುರ ಸೀಮೆಯ ತರಗತಿಯಲ್ಲಿ ಬರವಣಿಗೆ

'ಕವಿರಾಜಮಾರ್ಗ'ವು ಕನ್ನಡಿಗರ ನುಡಿಯನ್ನು ಕುರಿತು ಆಡಿರುವ ಮಾತುಗಳಲ್ಲಿ ಒಂದು ಬಹಳ ಪ್ರಸಿದ್ಧವಾಗಿದೆ; ಇನ್ನೊಂದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ವಿಶೇಷವಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರಾದವರು ಈ ನಾಡಿನ ಜನ ಎಂಬ ಪ್ರಶಂಸೆ ಸಭೆಗಳಲ್ಲಿಯೂ ಪ್ರಬಂಧಗಳ ಪೀಠಿಕೆಗಳಲ್ಲಿಯೂ ಮತ್ತೆ ಮತ್ತೆ ಕೇಳಿಬರುತ್ತದೆ. ಅದೇ ಗ್ರಂಥ ಮತ್ತೊಂದೆಡೆ, ಕನ್ನಡಗಳಲ್ಲಿ ದೋಷ ಇಷ್ಟೇ ಎಂದು ನಿಶ್ಚಯಿಸಲು ಹೊರಟರೆ ವಾಸುಕಿಗೂ ಬೇಸರ ಬಂದೀತು, ಏಕೆಂದರೆ ದೇಸಿಗಳು ಬೇರೆ ಬೇರೆಯಾಗಿವೆ ಎನ್ನುತ್ತದೆ. 9ನೆಯ ಶತಮಾನದ ರಾಷ್ಟ್ರಕೂಟ ಆಸ್ಥಾನದ ಶ್ರೀವಿಜಯನು ಇಲ್ಲಿ ಕನ್ನಡವನ್ನು ಬಹುವಚನದಲ್ಲಿ ಹೇಳಿರುವುದು ಗಮನಾರ್ಹ. ಹಾಗೆಂದು ಅವನು ಶಿಷ್ಟರೂಪವನ್ನು ನಿರಾಕರಿಸಿದವನಲ್ಲ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನುಡಿಯೇ ಕನ್ನಡದ ತಿರುಳೆಂದು ಗುರುತಿಸಿದವನೂ ಅವನೇ. ಈ ನಾಲ್ಕು ಊರುಗಳಲ್ಲಿ ಒಂದೂ ಕಡಲ ಕರೆಯಲ್ಲಿಲ್ಲ. ತಿರುಳಿನಿಂದ ದೂರವಿರುವ ನಾಡಿನ ಮಗು ಕನ್ನಡವನ್ನು ಬರೆಯಲು ಕಲಿಯುವಾಗ ಏನಾಗುತ್ತದೆ ಎಂಬ ಪ್ರಶ್ನೆ ಹೀಗೆ ಕನ್ನಡದ ಮೊದಲ ಉಪಲಬ್ಧ ಗ್ರಂಥದಷ್ಟೇ ಹಳೆಯದು.

ಸೀತಾನದಿಯ ಆಸುಪಾಸಿನಿಂದ ಉತ್ತರಕ್ಕೆ ಬೈಂದೂರಿನವರೆಗೂ ಅದರಾಚೆಗೂ ಹಬ್ಬಿರುವ ಕುಂದಾಪುರ ಕನ್ನಡದ ಸೀಮೆಯಲ್ಲಿ ಈ ಪ್ರಶ್ನೆ ದಿನನಿತ್ಯದ್ದು. ದಕ್ಷಿಣದಲ್ಲಿ ತುಳು ಇದಕ್ಕೆ ತಾಗಿಕೊಂಡಿದೆ. ಬ್ರಹ್ಮಾವರದ ಸುತ್ತ ಎರಡೂ ನುಡಿಗಳು ಕೂಡುತ್ತವೆ. ಆಳುಪರ ರಾಜಧಾನಿಯಾಗಿದ್ದ ಬಾರಕೂರು ಈ ಸಂಗಮದ ಹತ್ತಿರವೇ ಇದೆ. ಕೊಂಕಣಿ, ಬ್ಯಾರಿ, ನವಾಯತಿ ಮಾತಾಡುವ ಮನೆಗಳೂ ಇಲ್ಲಿ ಹಲವು. ಕುಂದಾಪುರ ಕನ್ನಡದ ಮನೆಯಿಂದ ಬಂದ ಮಗುವಿನ ಸ್ಥಿತಿ ಇವರೆಲ್ಲರಿಗಿಂತ ವಿಚಿತ್ರವಾದದ್ದು. ತುಳು ಮನೆಯ ಮಗು ಶಾಲೆಗೆ ಬಂದಾಗ ಅದು ಇನ್ನೊಂದು ಭಾಷೆ ಕಲಿಯುತ್ತಿದೆ ಎಂಬ ಅರಿವು ಶಿಕ್ಷಕರಿಗೆ ಇರುತ್ತದೆ. ಕುಂದಾಪುರದ ಮಗು ಕನ್ನಡವನ್ನೇ ಆಡುತ್ತ ಬರುತ್ತದೆ. ಆದ್ದರಿಂದ ಅದರ ಬರಹದಲ್ಲಿ ಕಾಣುವ ವ್ಯತ್ಯಾಸಗಳನ್ನು ತಪ್ಪು ಎಂದೇ ಎಣಿಸಲಾಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಾಧ್ಯವಾದೆಡೆ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಸಬೇಕೆಂದು ಹೇಳಿದೆ. ದಾಖಲೆಯಲ್ಲಿ ಈ ಮಗುವಿನ ಮನೆಮಾತು ಕನ್ನಡ, ಶಾಲೆಯ ಮಾಧ್ಯಮವೂ ಕನ್ನಡ. ಕಾಗದದ ಮೇಲೆ ಸಮಸ್ಯೆ ಪರಿಹಾರವಾಗಿಯೇ ಇದೆ.

ಒಂದು ಉದಾಹರಣೆಯನ್ನು ವ್ಯಾಕರಣದಿಂದಲೇ ತೆಗೆದುಕೊಳ್ಳಬಹುದು. ಈ ಸೀಮೆಯ ಮಗು ಮನೆಯಲ್ಲಿ 'ಹೋಪುದು', 'ಬಪ್ಪುದು', 'ಉಂಬುದು', 'ಕಾಂಬುದು' ಎನ್ನುತ್ತದೆ. ಶಾಲೆಯ ಪುಸ್ತಕದಲ್ಲಿ ಇವು 'ಹೋಗುವುದು', 'ಬರುವುದು', 'ಉಣ್ಣುವುದು', 'ಕಾಣುವುದು'. ನಿಬಂಧದಲ್ಲಿ 'ಹೋಪುದು' ಎಂದು ಬರೆದರೆ ಅದರ ಕೆಳಗೆ ಕೆಂಪು ಗೆರೆ ಬೀಳುತ್ತದೆ. ಕೆಲವು ವರ್ಷಗಳ ಬಳಿಕ ಅದೇ ವಿದ್ಯಾರ್ಥಿ ಕಾಲೇಜಿನಲ್ಲಿ ಹಳಗನ್ನಡ ಕಾವ್ಯದ ಭಾಗವನ್ನು ಓದುತ್ತಾನೆ. ಅಲ್ಲಿ 'ಪೋಪ', 'ಬರ್ಪ', 'ಉಣ್ಬ', 'ಕಾಣ್ಬ' ಎಂಬ ರೂಪಗಳು ಬರುತ್ತವೆ. ಕೇಶಿರಾಜನ ವ್ಯಾಕರಣದ ಪಾಠದಲ್ಲಿ ಭವಿಷ್ಯತ್ ಪ್ರತ್ಯಯವಾದ ವಕಾರಕ್ಕೆ ಪಕಾರ, ಬಕಾರಗಳು ಬರುವುದನ್ನು ಕಂಠಪಾಠ ಮಾಡಿಸಲಾಗುತ್ತದೆ. ಪಕಾರ ಹಕಾರವಾಗುವುದು, 'ಬರ್ಪ' ಎಂಬುದು 'ಬಪ್ಪ' ಆಗುವುದು, ಇವು ನಡುಗನ್ನಡದಲ್ಲಿ ಸಹಜವಾಗಿ ನಡೆದ ಬದಲಾವಣೆಗಳು. ಹೀಗಿರುವಾಗ 'ಹೋಪ', 'ಬಪ್ಪ' ಎಂಬವು ಕೆಟ್ಟುಹೋದ ಹೊಸಗನ್ನಡವಲ್ಲ. ಹಳೆಯ ರೂಪಗಳ ನೇರ ಸಂತತಿ. ಹವ್ಯಕರ ಮನೆಮಾತಿನಲ್ಲಿಯೂ ಇದೇ ಬಗೆಯ ರೂಪಗಳಿವೆ. ಪ್ರಾಥಮಿಕ ಶಾಲೆಯಲ್ಲಿ ತಪ್ಪೆಂದು ಹೊಡೆದುಹಾಕಿದ ರೂಪವನ್ನು ಪದವಿ ತರಗತಿಯಲ್ಲಿ ಕಠಿನ ಪದವೆಂದು ಅರ್ಥ ಹೇಳಿ ಕಲಿಸಲಾಗುತ್ತದೆ. ಬೀಗದ ಕೈಯನ್ನು ಮೊದಲು ಕಸಿದುಕೊಂಡು ಆಮೇಲೆ ಬಾಗಿಲನ್ನು ವಿವರಿಸುವ ಈ ಕ್ರಮದಲ್ಲಿ ನಷ್ಟ ಎರಡು ಕಡೆಯದು: ಮಗುವಿಗೆ ತನ್ನ ಮಾತಿನ ಮೇಲಿನ ವಿಶ್ವಾಸ ಹೋಗುತ್ತದೆ, ಪಂಪ ಜನ್ನರು ಅನವಶ್ಯಕವಾಗಿ ಅಪರಿಚಿತರಾಗುತ್ತಾರೆ.

ಮೊದಲನೆಯ ನಷ್ಟದ ಪರಿಣಾಮ ಬರವಣಿಗೆಯಲ್ಲಿ ಬೇಗ ಕಾಣುತ್ತದೆ. ಎಲ್ಲಿ ಬರೆದರೂ ಗೆರೆ ಬೀಳುತ್ತದೆಂದು ತಿಳಿದ ವಿದ್ಯಾರ್ಥಿ, ಗೆರೆ ಬೀಳದ ವಾಕ್ಯಗಳನ್ನು ಮಾತ್ರ ಬರೆಯಲು ಕಲಿಯುತ್ತಾನೆ. ಅಂಥ ವಾಕ್ಯಗಳು ಗೈಡುಗಳಲ್ಲಿ ಸಿದ್ಧವಾಗಿ ದೊರೆಯುತ್ತವೆ. 'ಮಳೆಗಾಲ' ಎಂಬ ನಿಬಂಧಕ್ಕೆ ಮರವಂತೆಯ ಕಡಲ ಕೊರೆತದ ಪಕ್ಕದಲ್ಲಿ ಬೆಳೆದ ಹುಡುಗಿಯೂ ಬಯಲುಸೀಮೆಯ ಹುಡುಗನೂ ಒಂದೇ ಮೂರು ಪ್ಯಾರಾ ಬರೆಯುತ್ತಾರೆ. ಒಂದು ಪಕ್ಕದಲ್ಲಿ ಸಮುದ್ರ, ಇನ್ನೊಂದು ಪಕ್ಕದಲ್ಲಿ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ ಇರುವ ಊರಿನ ಮಳೆಗಾಲ ಆ ಬರಹದಲ್ಲಿ ಇರುವುದಿಲ್ಲ. ಆ ಹುಡುಗಿಗೆ ನೋಡಲು ಬರುವುದಿಲ್ಲವೆಂದು ಯಾರೂ ಹೇಳಲಾರರು. ತಾನು ನೋಡಿದ್ದು ನಿಬಂಧಕ್ಕೆ ಸಲ್ಲುವ ವಿಷಯವಲ್ಲ ಎಂದು ಅವಳು ಕಲಿತಿದ್ದಾಳೆ. ಆ ಪಾಠವನ್ನು ಯಾರೂ ಬಾಯಿಬಿಟ್ಟು ಹೇಳಿಕೊಟ್ಟಿಲ್ಲ.

ಈ ಕಾಯಿಲೆ ಒಂದು ಸೀಮೆಗೆ ಮೀಸಲಲ್ಲ. ಇಂಗ್ಲೆಂಡಿನಲ್ಲಿ ಜೇಮ್ಸ್ ಬ್ರಿಟನ್ ಮತ್ತು ಸಂಗಡಿಗರು 11ರಿಂದ 18 ವರ್ಷದ ವಿದ್ಯಾರ್ಥಿಗಳ ಸುಮಾರು ಎರಡು ಸಾವಿರ ಬರಹಗಳನ್ನು ಪರಿಶೀಲಿಸಿ 1975ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಬರಹಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಪರೀಕ್ಷಕನಾದ ಶಿಕ್ಷಕನೇ ಓದುಗನೆಂದು ಕಂಡುಕೊಂಡರು. ಉತ್ತರ ಮೊದಲೇ ತಿಳಿದಿರುವವನಿಗೆ ಅದೇ ಉತ್ತರವನ್ನು ಬರೆದು ಒಪ್ಪಿಸುವ ಕ್ರಿಯೆಯಲ್ಲಿ ಹೇಳುವ ಅವಶ್ಯಕತೆಯೇ ಇರುವುದಿಲ್ಲ. ಕನ್ನಡ ಎಂ.ಎ. ತರಗತಿಯ ಟಿಪ್ಪಣಿಗಳೂ ಅನೇಕ ಸಂಶೋಧನ ಪ್ರಬಂಧಗಳೂ ಈ ಮಾತಿಗೆ ಹೊರತಲ್ಲ. ಬಾಲ್ಯದ ಗೈಡಿನ ಜಾಗದಲ್ಲಿ ವಿಮರ್ಶಕರ ಪರಿಭಾಷೆ ಬಂದಿರುತ್ತದೆ. ತಪ್ಪಿಗೆ ಅಂಜಿ ಪರರ ವಾಕ್ಯದಲ್ಲಿ ಆಶ್ರಯ ಪಡೆಯುವ ಪ್ರವೃತ್ತಿ ಹಾಗೆಯೇ ಉಳಿದಿರುತ್ತದೆ.

ಇದೇ ಮಣ್ಣು ಬೇರೆ ಬಗೆಯ ಬರವಣಿಗೆಯನ್ನೂ ಕಂಡಿದೆ. 1902ರಲ್ಲಿ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು. ಮಕ್ಕಳಿಗಾಗಿ 1936ರಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನೂ ಮುಂದೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನೂ ರಚಿಸಿದರು. ಪುತ್ತೂರಿನಲ್ಲಿ ಬಾಲವನವನ್ನು ಕಟ್ಟಿ ಮಕ್ಕಳ ಕಲಿಕೆಯ ಪ್ರಯೋಗಗಳನ್ನು ನಡೆಸಿದರು. ಮಗು ಸುತ್ತಲಿನ ಲೋಕವನ್ನು ಕಣ್ಣಿಟ್ಟು ನೋಡಬೇಕು, ನೋಡಿದ್ದಕ್ಕೆ ಕನ್ನಡದಲ್ಲಿ ಮಾತು ಸಿಗಬೇಕು ಎಂಬುದು ಈ ಎಲ್ಲ ಶ್ರಮದ ಹಿಂದಿನ ನಂಬಿಕೆ ಎನ್ನಬಹುದು. ಅವರಿಗಿಂತ ಹಿಂದಿನ ತಲೆಮಾರಿನ ಪಂಜೆ ಮಂಗೇಶರಾಯರು ಶಾಲಾ ತನಿಖಾಧಿಕಾರಿಯಾಗಿದ್ದುಕೊಂಡೇ ಮಕ್ಕಳ ಪದ್ಯಗಳನ್ನೂ ಪಠ್ಯಗಳನ್ನೂ ಬರೆದವರು. ಅವರ 'ತೆಂಕಣ ಗಾಳಿಯಾಟ'ದ ಹೆಸರಿನಲ್ಲಿಯೇ ಕರಾವಳಿ ಕಂಡ ಗಾಳಿಯ ದಿಕ್ಕಿದೆ.

ಕಾರಂತರ 'ಮೂಕಜ್ಜಿಯ ಕನಸುಗಳು' 1968ರಲ್ಲಿ ಪ್ರಕಟವಾಯಿತು. ಬಾಲ್ಯದಲ್ಲಿಯೇ ವಿಧವೆಯಾಗಿ, ಶಾಲೆಯ ಓದಿಲ್ಲದೆ ಎಂಬತ್ತು ದಾಟಿದ ಅಜ್ಜಿಯೊಬ್ಬಳ ಎದುರು ಓದಿದ ಮೊಮ್ಮಗ ಸುಬ್ಬರಾಯ ಕುಳಿತು ಪ್ರಶ್ನೆ ಕೇಳುವ ಕಥನ ಅದು. ಸಂಶೋಧನ ವಿದ್ಯಾರ್ಥಿಗಳು ಈ ಕಾದಂಬರಿಯನ್ನು ಧರ್ಮವಿಚಾರಕ್ಕಾಗಿ, ಇತಿಹಾಸದ ಕಲ್ಪನೆಗಾಗಿ ಓದುವುದುಂಟು. ಬೋಧನೆಯ ದೃಷ್ಟಿಯಿಂದಲೂ ಓದಲು ಅವಕಾಶವಿದೆ. ಸುಬ್ಬರಾಯನ ಗುಣವೆಂದರೆ ಅಜ್ಜಿಯ ಮಾತನ್ನು ತಿದ್ದದೆ ಕೇಳುವುದು, ಕೇಳಿದ್ದನ್ನು ವಿಚಾರಿಸುವುದು, ಸಂಶಯ ಬಂದಾಗ ಮತ್ತೆ ಅವಳಲ್ಲಿಗೇ ಹೋಗುವುದು. ಆಡುವವಳ ಅನುಭವಕ್ಕೂ ಬರೆಯುವವನ ವಿದ್ಯೆಗೂ ನಡುವೆ ಸಂವಾದ ಸಾಧ್ಯವಾದಾಗಲೇ ಅಲ್ಲಿ ಜ್ಞಾನ ಹುಟ್ಟುತ್ತದೆ.

ಬೈಂದೂರು ಸೀಮೆಯ ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರು ಇಂಗ್ಲಿಷ್ ಅಧ್ಯಾಪಕರಾಗಿ, ಪ್ರಾಂಶುಪಾಲರಾಗಿ ಕೆಲಸ ಮಾಡಿದವರು. ನವ್ಯಕಾವ್ಯದ ದಾರಿ ತೆರೆದ ಅವರ ಸಂಕಲನ 1954ರಲ್ಲಿ 'ಚಂಡೆಮದ್ದಳೆ' ಎಂಬ ಹೆಸರಿನಿಂದ ಹೊರಬಂತು. ಅತ್ಯಾಧುನಿಕವೆನಿಸಿದ ಕಾವ್ಯಕ್ಕೆ ಊರಿನ ಯಕ್ಷಗಾನದ ವಾದ್ಯಗಳೇ ಹೆಸರಾದವು. ಕುಂದಾಪುರದಲ್ಲಿ 1945ರಲ್ಲಿ ಹುಟ್ಟಿದ ವೈದೇಹಿಯವರು ಅಲ್ಲಿನ ಭಂಡಾರ್ಕಾರ್ಸ್ ಕಾಲೇಜಿನಲ್ಲಿ ವಾಣಿಜ್ಯ ಓದಿದವರು. ಅಡುಗೆಮನೆಯ, ಹಿತ್ತಿಲ, ಜಗಲಿಯ ಹೆಂಗಸರ ಕುಂದಾಪುರ ಕನ್ನಡ ಅವರ ಕಥೆಗಳಲ್ಲಿ ಸಂಭಾಷಣೆಯ ಅಲಂಕಾರವಾಗಿ ಬರುವುದಿಲ್ಲ. ಆ ಪಾತ್ರಗಳ ವಿಚಾರಶಕ್ತಿ ಆ ನುಡಿಯಲ್ಲಿಯೇ ಇದೆ. 'ಕ್ರೌಂಚ ಪಕ್ಷಿಗಳು' ಸಂಕಲನಕ್ಕೆ 2009ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಶಾಲೆಯ ನಿಬಂಧದಲ್ಲಿ ಗೆರೆ ಎಳೆಸಿಕೊಳ್ಳುವ ಮಾತು ಸಾಹಿತ್ಯದಲ್ಲಿ ಪುರಸ್ಕಾರ ಪಡೆಯುತ್ತದೆಯಾದರೆ, ಗೆರೆಯ ಬಗ್ಗೆಯೇ ಪುನರ್ವಿಚಾರ ಬೇಕು.

ಇದು ಸಾಹಿತ್ಯದ ಅಭಿರುಚಿಗೆ ಸೀಮಿತವಾದ ಮಾತೆಂದು ಯಾರಾದರೂ ಭಾವಿಸಿದರೆ, ಇದೇ ಕರಾವಳಿಯ ನರ್ಸಿಂಗ್ ತರಗತಿಗಳ ಕಡೆ ದೃಷ್ಟಿ ಹರಿಸುವುದು ಒಳ್ಳೆಯದು. ಉಡುಪಿ ಜಿಲ್ಲೆಯಲ್ಲಿ ನರ್ಸಿಂಗ್ ಓದುವವರಲ್ಲಿ ಊರಿನ ಹುಡುಗಿಯರೂ ಇದ್ದಾರೆ, ಕೇರಳದಿಂದ ಬಂದವರೂ ಇದ್ದಾರೆ. ಪಾಠ ಇಂಗ್ಲಿಷಿನಲ್ಲಿ, ರೆಕಾರ್ಡ್ ಪುಸ್ತಕ ಇಂಗ್ಲಿಷಿನಲ್ಲಿ. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಬಿ.ಎಸ್ಸಿ. ಪಠ್ಯಕ್ರಮದ ಮೊದಲ ಸೆಮಿಸ್ಟರಿನಲ್ಲಿ ಸಂವಹನ ಇಂಗ್ಲಿಷ್ ಒಂದು ವಿಷಯವಾಗಿದೆ. ಹಾಸಿಗೆಯಲ್ಲಿ ಮಲಗಿರುವ ರೋಗಿಯಾದರೋ ಗಂಗೊಳ್ಳಿಯ ಮೀನುಗಾರ, ಅಥವಾ ಹೆಬ್ರಿಯ ಕಡೆಯ ಗದ್ದೆಯ ಕೆಲಸದ ಹೆಂಗಸು. ಅವರು ತಮ್ಮ ನೋವನ್ನು ಸೆಳೆತ, ಸಿಡಿತ, ಚಳುಕು, ಉರಿ, ಇರಿತ, ಜೋಮು ಎಂದು ಬೇರೆ ಬೇರೆಯಾಗಿ ಹೇಳುತ್ತಾರೆ. ಎದೆಯ ಮೇಲೆ ಕಲ್ಲು ಇಟ್ಟ ಹಾಗೆ ಎನ್ನುತ್ತಾರೆ. ದಾಖಲೆಯಲ್ಲಿ ಇವೆಲ್ಲವೂ 'ನೋವು ಇದೆ' ಎಂಬರ್ಥದ ಒಂದೇ ಇಂಗ್ಲಿಷ್ ವಾಕ್ಯವಾಗಿಬಿಡುವ ಅಪಾಯವಿದೆ.

ಈ ಪದಗಳ ಬೆಲೆಯನ್ನು ವೈದ್ಯವಿಜ್ಞಾನವೇ ಒಪ್ಪಿಕೊಂಡಿದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಜ್ಯಾಕ್ 1975ರಲ್ಲಿ ಪ್ರಕಟಿಸಿದ ನೋವಿನ ಪ್ರಶ್ನಾವಳಿಯು 78 ಪದಗಳನ್ನು 20 ಗುಂಪುಗಳಾಗಿ ವಿಂಗಡಿಸಿತು. ಮಿಡಿಯುವ ನೋವು, ಚುಚ್ಚುವ ನೋವು, ಸುಡುವ ನೋವು ಬೇರೆ ಬೇರೆ ಕಾರಣಗಳತ್ತ ಬೆರಳು ತೋರುತ್ತವೆ. ಆದ್ದರಿಂದ ರೋಗಿಯ ಪದ ಚಿಕಿತ್ಸೆಯ ಸಾಮಗ್ರಿ. ನಿಘಂಟುಕಾರನ ಕೆಲಸವೂ ದಾದಿಯ ಕೆಲಸವೂ ಇಲ್ಲಿ ಒಂದಾಗುತ್ತವೆ. ಎದೆಯ ಭಾರವನ್ನು ಹೊಟ್ಟೆಯ ಉರಿಯೆಂದು ಬರೆದುಕೊಂಡರೆ ಆಗುವ ಹಾನಿ ಅಂಕದ ಲೆಕ್ಕದಲ್ಲಿ ಮುಗಿಯುವುದಿಲ್ಲ.

ಫ್ಲಾರೆನ್ಸ್ ನೈಟಿಂಗೇಲ್ ತನ್ನ ಶುಶ್ರೂಷಾ ಗ್ರಂಥದಲ್ಲಿ ರೋಗಿಯನ್ನು ಅವಲೋಕಿಸುವ ವಿದ್ಯೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಳು. 'ರಾತ್ರಿ ಚೆನ್ನಾಗಿ ಕಳೆಯಿತೇ' ಎಂದು ಕೇಳಿದರೆ ಹುಸಿ ಉತ್ತರ ಬರುತ್ತದೆ. ಎಷ್ಟು ಗಂಟೆ ನಿದ್ದೆ ಬಂತು, ಯಾವ ಹೊತ್ತಿನಲ್ಲಿ ಬಂತು ಎಂದು ಕೇಳಬೇಕು ಎಂಬುದು ಅವಳ ವಾದದ ಸಾರ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವಳ ಹೆಸರಿನ ಶಾಲೆ ಆರಂಭವಾದಾಗ ಕಲಿಯುವವರು ದಿನಚರಿಯನ್ನೂ ರೋಗಿಗಳ ಟಿಪ್ಪಣಿಯನ್ನೂ ಬರೆಯಬೇಕಾಗಿತ್ತು. ಬಹುಕಾಲದ ನಂತರ, 1984ರಲ್ಲಿ, ಅಮೆರಿಕದ ಪೆಟ್ರೀಷಿಯಾ ಬೆನ್ನರ್ ಹೊಸಬಳಾದ ದಾದಿ ಪರಿಣತೆಯಾಗುವ ಹಂತಗಳನ್ನು ವಿವರಿಸುವ ಪುಸ್ತಕ ಬರೆದಳು. ಅದಕ್ಕೆ ಆಕೆ ಆಧರಿಸಿದ್ದು ದಾದಿಯರು ತಮ್ಮ ಮಾತಿನಲ್ಲಿ ಹೇಳಿದ ಅನುಭವಕಥನಗಳನ್ನು. ನಿಯಮಗಳ ಪಟ್ಟಿಯಲ್ಲಿ ಸಿಗದ ಅರಿವು ಕಥನದಲ್ಲಿ ಸಿಕ್ಕಿತು. ಹಿರಿಯ ವಿದ್ಯಾರ್ಥಿಯ ರೆಕಾರ್ಡ್ ಪುಸ್ತಕದಿಂದ ನಕಲು ಮಾಡಿದ ಶುಶ್ರೂಷಾ ಯೋಜನೆಯಲ್ಲಿ ಆ ಅರಿವು ಇರಲು ಸಾಧ್ಯವಿಲ್ಲ. ಗೈಡಿನ ನಿಬಂಧಕ್ಕೂ ನಕಲಿನ ರೆಕಾರ್ಡಿಗೂ ರೋಗ ಒಂದೇ: ಬರೆಯುವವಳ ಕಣ್ಣಿಗೂ ಬರಹಕ್ಕೂ ಸಂಬಂಧ ಕಡಿದುಹೋಗಿದೆ.

ಹಾಗಾದರೆ ತರಗತಿಯಲ್ಲಿ ಏನು ಬದಲಾಗಬೇಕು? ಹೆಚ್ಚಿನ ಹಣವನ್ನಾಗಲಿ ಹೊಸ ಪಠ್ಯವನ್ನಾಗಲಿ ಬೇಡದ ಕೆಲವು ಕ್ರಮಗಳಿವೆ. ಒಂದನೆಯದು, ಕರಡಿಗೂ ಅಂತಿಮ ಪ್ರತಿಗೂ ಭೇದ ಮಾಡುವುದು. ಕರಡಿನಲ್ಲಿ ಮನೆಮಾತು ಬರಲಿ. ಅಲ್ಲಿ ಗೆರೆ ಎಳೆಯುವ ಬದಲು ಶಿಕ್ಷಕರು ಪ್ರಶ್ನೆ ಬರೆಯಲಿ. ಯಾವ ದೋಣಿ? ಗಾಳಿ ಯಾವ ಕಡೆಯಿಂದ ಬೀಸಿತು? ಅಜ್ಜಿ ಆಗ ಏನೆಂದರು? ನೈಟಿಂಗೇಲ್ ರೋಗಿಗೆ ಕೇಳಬೇಕೆಂದ ಬಗೆಯ ಪ್ರಶ್ನೆಗಳೇ ಇವು. ಎರಡನೆಯದು, ಅಂತಿಮ ಪ್ರತಿಯಲ್ಲಿ ಶಿಷ್ಟ ಕನ್ನಡಕ್ಕೆ ತರುವ ಕೆಲಸವನ್ನು ವ್ಯಾಕರಣದ ಪಾಠವನ್ನಾಗಿ ಮಾಡುವುದು. 'ಹೋಪುದು', 'ಪೋಪುದು', 'ಹೋಗುವುದು' ಎಂಬ ಮೂರನ್ನೂ ಕರಿಹಲಗೆಯ ಮೇಲೆ ಒಂದೇ ಸಾಲಿನಲ್ಲಿ ಬರೆದರೆ ಸಾವಿರ ವರ್ಷದ ಚರಿತ್ರೆ ಹತ್ತು ನಿಮಿಷದಲ್ಲಿ ಮಗುವಿಗೆ ತನ್ನದಾಗಿ ಕಾಣುತ್ತದೆ. ಮೂರನೆಯದು, ಪರೀಕ್ಷಕನಲ್ಲದ ಓದುಗನನ್ನು ಒದಗಿಸುವುದು: ಪಕ್ಕದ ಬೆಂಚಿನವರು, ಗೋಡೆಪತ್ರಿಕೆ, ಬೇರೆ ಊರಿನ ಶಾಲೆಯ ಮಕ್ಕಳು. ನರ್ಸಿಂಗ್ ವಿದ್ಯಾರ್ಥಿನಿಯ ಪುಸ್ತಕದಲ್ಲಿ ಒಂದು ಪುಟವನ್ನು ಎರಡಾಗಿ ಮಡಿಸಿ, ಎಡಕ್ಕೆ ರೋಗಿ ಆಡಿದ ಮಾತನ್ನು ಆಡಿದಂತೆಯೇ, ಬಲಕ್ಕೆ ಅದರ ವೈದ್ಯಕೀಯ ರೂಪವನ್ನು ಬರೆಸಬಹುದು. ಊರಿನ ಹುಡುಗಿ ಕೇರಳದ ಸಹಪಾಠಿಗೆ ಎಡಭಾಗವನ್ನು ವಿವರಿಸುವಳು. ಕ್ಷಣಕಾಲ ಕುಂದಾಪುರ ಕನ್ನಡವೇ ವಾರ್ಡಿನ ಪರಿಣತಿಯಾಗುತ್ತದೆ.

ಇದಕ್ಕೆ ಎದುರಾಗಬಹುದಾದ ಆಕ್ಷೇಪಗಳು ಹಗುರವಾದವಲ್ಲ. ಮಕ್ಕಳು ತುಂಬಿದ ತರಗತಿಯಲ್ಲಿ ಪ್ರತಿ ಕರಡಿಗೂ ಪ್ರಶ್ನೆ ಬರೆಯಲು ಶಿಕ್ಷಕರಿಗೆ ಸಮಯವೆಲ್ಲಿ? ವಾರಕ್ಕೊಮ್ಮೆ ನಾಲ್ಕೈದು ಕರಡುಗಳನ್ನು ಎಲ್ಲರ ಎದುರು ಓದಿಸಿ ಪ್ರಶ್ನೆಯನ್ನು ತರಗತಿಯಿಂದಲೇ ಕೇಳಿಸುವುದಾದರೆ ಹೊರೆ ತುಸು ಕಡಿಮೆಯಾದೀತು, ಪೂರ್ತಿ ಹೋಗದು. ಬ್ರಹ್ಮಾವರದ ತರಗತಿಯಲ್ಲಿ ತುಳು, ಕೊಂಕಣಿ, ಬ್ಯಾರಿ ಮನೆಗಳ ಮಕ್ಕಳೂ ಇರುವಾಗ ಒಂದೇ ಮನೆಮಾತಿಗೆ ಮನ್ನಣೆ ಕೊಡುವುದು ನ್ಯಾಯವೇ? ಕರಡಿನ ಸ್ವಾತಂತ್ರ್ಯ ಎಲ್ಲ ಮನೆಮಾತುಗಳಿಗೂ ಸಲ್ಲಬೇಕು ಎಂಬುದೇ ಅದಕ್ಕೆ ಉತ್ತರ. ಎಲ್ಲಕ್ಕಿಂತ ಗಂಭೀರವಾದುದು ಮೂರನೆಯ ಆಕ್ಷೇಪ. ಅರ್ಜಿ, ಪರೀಕ್ಷೆ, ಉದ್ಯೋಗ, ನ್ಯಾಯಾಲಯ ಎಲ್ಲವೂ ಶಿಷ್ಟಭಾಷೆಯನ್ನು ಕೇಳುತ್ತವೆ; ಬಡವರ ಮಕ್ಕಳಿಗೆ ಅದನ್ನು ಕಲಿಸದೆ ಅವರ ಆಡುನುಡಿಯನ್ನು ಹೊಗಳುತ್ತ ಕೂರುವುದು ಇನ್ನೊಂದು ಬಗೆಯ ವಂಚನೆ. ಈ ಮಾತು ನಿಜ. ಇತ್ತೀಚಿನ ವರ್ಷಗಳಲ್ಲಿ ಆಸಾಡಿ ಅಮಾವಾಸ್ಯೆಯಂದು ವಿಶ್ವ ಕುಂದಾಪುರ ಕನ್ನಡ ದಿನದ ಸಂಭ್ರಮ ನಡೆಯುತ್ತಿದೆ. ಮರುದಿನದ ತರಗತಿಯಲ್ಲಿ ಅದೇ ಕೆಂಪು ಗೆರೆ ಮುಂದುವರಿದರೆ ಆ ಸಂಭ್ರಮದಿಂದ ಮಗುವಿಗೆ ದೊರೆತದ್ದು ಅಲ್ಪ. ಶಿಷ್ಟ ಕನ್ನಡವನ್ನು ಕಲಿಸಲೇಬೇಕು. ಅದನ್ನು ಮನೆಮಾತಿನ ಮೇಲೆ ಕಟ್ಟಬೇಕು, ಮನೆಮಾತನ್ನು ಕೆಡವಿದ ಜಾಗದಲ್ಲಲ್ಲ.

ಎರಡು ಕನ್ನಡಗಳನ್ನು ಒಟ್ಟಿಗೆ ಸಾಕುವ ವಿದ್ಯೆ ಈ ಸೀಮೆಗೆ ಹೊಸತಲ್ಲ. ಬಡಗುತಿಟ್ಟಿನ ಯಕ್ಷಗಾನ ರಂಗದಲ್ಲಿ ರಾಜನ ಪಾತ್ರ ಗ್ರಾಂಥಿಕ ಕನ್ನಡದಲ್ಲಿ ಅರ್ಥ ಹೇಳುತ್ತದೆ. ಪಕ್ಕದಲ್ಲಿಯೇ ಹಾಸ್ಯಗಾರ ಊರ ಮಾತಿನಲ್ಲಿ ಉತ್ತರ ಕೊಡುತ್ತಾನೆ. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಬರೆದ ಪಾಠವಿಲ್ಲದೆ ಗಂಟೆಗಟ್ಟಲೆ ಶಿಷ್ಟ ಕನ್ನಡದಲ್ಲಿ ವಾದಿಸುತ್ತಾರೆ. ಮನೆಗೆ ಮರಳಿ ಕುಂದಾಪುರ ಕನ್ನಡದಲ್ಲಿ ಊಟಕ್ಕೆ ಕರೆಯುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ಪ್ರೇಕ್ಷಕರೂ ಎರಡನ್ನೂ ಅರ್ಥ ಮಾಡಿಕೊಂಡು, ಯಾವ ಸಂದರ್ಭಕ್ಕೆ ಯಾವ ಮಾತು ಒಪ್ಪುತ್ತದೆಂದು ನಿರ್ಣಯಿಸಬಲ್ಲವರಾಗಿದ್ದರು. ಶ್ರೀವಿಜಯನ ಪ್ರಶಂಸೆಗೆ ಇಂಥ ಜನವೇ ಆಧಾರವಾಗಿದ್ದಿರಬೇಕು. ರಂಗಸ್ಥಳದಲ್ಲಿ ಹಾಸ್ಯಗಾರನ ಮಾತನ್ನು ಯಾರೂ ತಿದ್ದುವುದಿಲ್ಲ. ಅವನು ಹೇಳಿದ್ದು ನಿಜವೇ, ಹೊತ್ತಿಗೆ ತಕ್ಕುದೇ ಎಂದಷ್ಟೇ ನೋಡುತ್ತಾರೆ. ತರಗತಿಯ ಕರಡಿಗೂ ಮೊದಲು ಕೇಳಬೇಕಾದ ಪ್ರಶ್ನೆಗಳು ಅವೇ ಎರಡು.